ಬಾಗಿಲು ತೆರೆದ ಬಗೆ: ವಿಶಾಖಪಟ್ಟಣ, ವಿಜಯವಾಡಗಳ ಪ್ರೌಢಶಾಲೆಗಳು

ಆಂಧ್ರದ ಕರಾವಳಿಯಲ್ಲಿ ಸಾರ್ವಜನಿಕ ಪ್ರೌಢಶಾಲೆ ಎಂಬ ಮಾತಿಗೆ ಒಂದೇ ಅರ್ಥವಿಲ್ಲ. ನಗರಪಾಲಿಕೆ ನಡೆಸುವುದು ಮುನಿಸಿಪಲ್ ಹೈಸ್ಕೂಲು, ಹಳ್ಳಿಗಳ ಕಡೆ ಜಿಲ್ಲಾ ಪರಿಷತ್ತು ನಡೆಸುವುದು ಜೆಡ್‌ಪಿ ಹೈಸ್ಕೂಲು, ಶಿಕ್ಷಣ ಇಲಾಖೆ ತಾನೇ ನೋಡಿಕೊಳ್ಳುವುದು ಸರ್ಕಾರಿ ಹೈಸ್ಕೂಲು. ಮಿಷನ್ನಿನವರೋ ಊರ ದಾನಿಗಳೋ ಕಟ್ಟಿ, ಮೇಷ್ಟ್ರ ಸಂಬಳವನ್ನು ಸರ್ಕಾರ ಕೊಡುವಂಥದ್ದಕ್ಕೆ ಕರ್ನಾಟಕದಲ್ಲಿ ಹೇಳುವ ಹಾಗೆಯೇ ಅನುದಾನಿತ ಶಾಲೆ ಎಂದು ಹೆಸರು. ಈ ಭೇದಗಳು ಕಚೇರಿಯ ಕಡತಗಳಿಗಷ್ಟೇ ಸೇರಿದವಲ್ಲ. ಯಾರು ಹಣ ಕೊಟ್ಟರು, ಯಾರ ಮಕ್ಕಳಿಗೆಂದು ಕೊಟ್ಟರು, ಆಮೇಲೆ ಇನ್ಯಾರಿಗೆ ಬಾಗಿಲು ತೆರೆಯಿತು ಎಂಬ ಸುಮಾರು 175 ವರ್ಷಗಳ ಚರಿತ್ರೆ ಇವುಗಳೊಳಗೆ ಅಡಗಿದೆ.

ವಿಶಾಖಪಟ್ಟಣದ ಹಳೆಯ ಊರಿನಲ್ಲಿರುವ ಸೇಂಟ್ ಅಲೋಷಿಯಸ್ ಆಂಗ್ಲೋ-ಇಂಡಿಯನ್ ಹೈಸ್ಕೂಲು 1847ರಷ್ಟು ಹಳೆಯದು. ಈಗಿನ ಫ್ರಾನ್ಸಿಗೆ ಸೇರಿರುವ ಸವಾಯ್ ಪ್ರಾಂತದ ಆನ್ಸಿ ಪಟ್ಟಣದಿಂದ 1846ರಲ್ಲಿ ಬಂದಿಳಿದ ಕ್ಯಾಥೊಲಿಕ್ ಪಾದ್ರಿಗಳು ಮರುವರ್ಷವೇ ಇದನ್ನು ಆರಂಭಿಸಿದರು. ಐರೋಪ್ಯ ತಂದೆಯ ಕಡೆಯಿಂದ ವಂಶ ಬೆಳೆದು ಭಾರತದಲ್ಲೇ ನೆಲೆನಿಂತವರನ್ನು ಆಂಗ್ಲೋ-ಇಂಡಿಯನ್ನರು ಎನ್ನುತ್ತಾರೆ. ಶಾಲೆಯ ಹೆಸರಿನಲ್ಲೇ ಈ ಸಮುದಾಯದ ಗುರುತಿದ್ದರೂ ಅಲ್ಲಿನ ಬೆಂಚುಗಳ ಮೇಲೆ ಊರಿನ ಬೇರೆ ಮನೆಗಳ ಮಕ್ಕಳೂ ಕೂತು ಕಲಿತರು.

ಪಾದ್ರಿಗಳದು ಮೊದಲ ಎಳೆಯಾದರೆ, ಎರಡನೆಯ ಎಳೆ ಊರಿನವರದೇ. 1854ರ ವುಡ್ಸ್ ಡಿಸ್ಪ್ಯಾಚ್, ಅಂದರೆ ಭಾರತದ ಶಿಕ್ಷಣ ಹೇಗಿರಬೇಕೆಂದು ಲಂಡನ್ನಿನಿಂದ ಬಂದ ವಿಸ್ತಾರವಾದ ಆದೇಶಪತ್ರ, ಖಾಸಗಿ ಶಾಲೆಗಳಿಗೂ ಸರ್ಕಾರ ಸಹಾಯಧನ ಕೊಡಬಹುದೆಂಬ ಪದ್ಧತಿಗೆ ತಳಹದಿ ಹಾಕಿತು; 1857ರಲ್ಲಿ ಮದರಾಸು ವಿಶ್ವವಿದ್ಯಾಲಯ ಹುಟ್ಟಿ, ಅದರ ಪ್ರವೇಶ ಪರೀಕ್ಷೆಯಾದ ಮೆಟ್ರಿಕ್ಯುಲೇಷನ್ ಹೈಸ್ಕೂಲು ಓದಿನ ಕೊನೆಯ ಮೆಟ್ಟಿಲಾಯಿತು. ಈ ಎರಡರ ಬೆನ್ನಿಗೇ, 1860ರಲ್ಲಿ, ವಿಶಾಖಪಟ್ಟಣದಲ್ಲಿ ಇಂಗ್ಲಿಷನ್ನೂ ದೇಶಭಾಷೆಯನ್ನೂ ಕಲಿಸುವ ಶಾಲೆಯೊಂದು ಆರಂಭವಾಗಿ, ಹೈಸ್ಕೂಲಾಗಿ ಬೆಳೆದು, 1878ರಲ್ಲಿ ಕಾಲೇಜಿನ ಮಟ್ಟಕ್ಕೇರಿತು. ದಾನ ಕೊಟ್ಟ ಅಂಕಿತಂ ವೆಂಕಟ ನರಸಿಂಗರಾವ್ ಮನೆತನದ ನೆನಪಿಗೆ ಅದು ಇಂದಿಗೂ ಮಿಸೆಸ್ ಎ.ವಿ.ಎನ್. ಕಾಲೇಜು ಎನಿಸಿಕೊಂಡಿದೆ. ಮನೆಯೊಡತಿಯ ಹೆಸರನ್ನು ಮುಂದಿಟ್ಟುಕೊಂಡ ಇಂಥ ವಿದ್ಯಾಸಂಸ್ಥೆಗಳು ಆ ಕಾಲದಲ್ಲಿ ವಿರಳ.

ಈ ಎರಡೂ ಸಂಸ್ಥೆಗಳನ್ನು ಕನ್ನಡಿಗರಿಗೆ ಹತ್ತಿರ ತರುವ ಹೆಸರು ಸಿ.ವಿ. ರಾಮನ್ ಅವರದು. ತಂದೆ ಚಂದ್ರಶೇಖರ ಅಯ್ಯರ್ ಎ.ವಿ.ಎನ್. ಕಾಲೇಜಿಗೆ ಉಪನ್ಯಾಸಕರಾಗಿ ಬಂದಾಗ, 1892ರಲ್ಲಿ, ಮಗನಿಗೆ ನಾಲ್ಕು ವರ್ಷ. ಬಾಲಕ ಸೇಂಟ್ ಅಲೋಷಿಯಸ್‌ನಲ್ಲಿ ಓದಿ ಹನ್ನೊಂದನೆಯ ವಯಸ್ಸಿಗೇ ಮೆಟ್ರಿಕ್ಯುಲೇಷನ್ ದಾಟಿ, ತಂದೆ ಪಾಠ ಹೇಳುತ್ತಿದ್ದ ಕಾಲೇಜಿನಲ್ಲೇ ಹದಿಮೂರಕ್ಕೆ ಎಫ್.ಎ. ಮುಗಿಸಿದ, ಎಫ್.ಎ. ಎಂದರೆ ಇಂದಿನ ಪಿಯುಸಿಗೆ ಸಮನಾದ ಎರಡು ವರ್ಷದ ಓದು. 1933ರಿಂದ 1970ರವರೆಗೆ ಬೆಂಗಳೂರನ್ನೇ ಮನೆಯಾಗಿಸಿಕೊಂಡ ವಿಜ್ಞಾನಿಯ ಬುನಾದಿ ಬಿದ್ದದ್ದು ಪಾದ್ರಿಗಳ ಶಾಲೆ ಒಂದು ಕಡೆ, ಊರ ದಾನದ ಕಾಲೇಜು ಇನ್ನೊಂದು ಕಡೆ ಇದ್ದ ಈ ಕಡಲೂರಿನಲ್ಲಿ.

ಒಂದು ಸಮುದಾಯದ ಹೆಸರು ಹೊತ್ತ ಶಾಲೆ ಸಾರ್ವಜನಿಕವಾಗುವುದು ಹೇಗೆಂಬ ಪ್ರಶ್ನೆಗೆ ಸಂವಿಧಾನವೇ ಉತ್ತರ ಕೊಟ್ಟಿತು. 337ನೇ ವಿಧಿಯು ಆಂಗ್ಲೋ-ಇಂಡಿಯನ್ ಶಾಲೆಗಳಿಗೆ ಸ್ವಾತಂತ್ರ್ಯಪೂರ್ವದ ಅನುದಾನವನ್ನು ಹಂತಹಂತವಾಗಿ ಇಳಿಸುತ್ತ, ಹತ್ತು ವರ್ಷಗಳ ಬಳಿಕ ಆ ವಿಶೇಷ ಸೌಲಭ್ಯವನ್ನು ಕೊನೆಗೊಳಿಸಿತು. ಜೊತೆಗೆ, ಪ್ರತಿವರ್ಷದ ಪ್ರವೇಶದಲ್ಲಿ ಕನಿಷ್ಠ ಶೇ. 40ರಷ್ಟು ಸ್ಥಾನಗಳು ಇತರ ಸಮುದಾಯಗಳ ಮಕ್ಕಳಿಗೆ ದೊರೆಯುವಂತಿದ್ದರೆ ಮಾತ್ರ ಈ ಅನುದಾನ ಎಂದು ಷರತ್ತು ಹಾಕಿತು. ಸಾರ್ವಜನಿಕ ಹಣ ಬೇಕಾದರೆ ಸಾರ್ವಜನಿಕರಿಗೆ ಬಾಗಿಲು ತೆರೆಯಬೇಕೆಂಬ ಈ ನ್ಯಾಯ ಇಷ್ಟು ಸರಳವಾದ ಅಂಕಿಯಲ್ಲಿ ಬರೆಯಲ್ಪಟ್ಟದ್ದು ಶಿಕ್ಷಣದ ಚರಿತ್ರೆಯಲ್ಲಿ ದೊಡ್ಡ ಸಂಗತಿ.

ಹಿಂದೆ ಬೆಜವಾಡ ಎನಿಸಿಕೊಂಡಿದ್ದ ವಿಜಯವಾಡದ ದಾರಿ ಬೇರೆ. ಕೃಷ್ಣಾ ನದಿಗೆ ಅಡ್ಡಲಾಗಿ 1855ರಲ್ಲಿ ಮುಗಿದ ಅಣೆಕಟ್ಟು, ಆಮೇಲೆ ಬಂದ ರೈಲು ಹಾದಿಗಳು ಊರನ್ನು ಬೆಳೆಸಿದವು. 1888ರಲ್ಲಿ ಪುರಸಭೆಯಾದ ಊರಿನಲ್ಲಿ ಶಾಲೆ ನಡೆಸುವ ಹೊಣೆ ಕ್ರಮೇಣ ಬೀದಿದೀಪ, ಕುಡಿಯುವ ನೀರಿನ ಹಾಗೆಯೇ ಪುರಸಭೆಯ ಪಾಲಿಗೂ ಬಂತು. ಕಾಲೇಜು ಪದವಿಗೆ ಮದರಾಸು ವಿಶ್ವವಿದ್ಯಾಲಯವೇ ಗತಿಯಾಗಿದ್ದ ಕಾಲ ಕೊನೆಗೊಂಡದ್ದು 1926ರಲ್ಲಿ, ಆಂಧ್ರ ವಿಶ್ವವಿದ್ಯಾಲಯ ಬೆಜವಾಡದಲ್ಲೇ ಆರಂಭವಾದಾಗ. 1930ರಲ್ಲಿ ಅದು ವಿಶಾಖಪಟ್ಟಣದ ವಾಲ್ಟೇರಿಗೆ ಹೋಯಿತು.

ಆ ವಿಶ್ವವಿದ್ಯಾಲಯದ ಮೊದಲ ಕುಲಪತಿ ಕಟ್ಟಮಂಚಿ ರಾಮಲಿಂಗಾರೆಡ್ಡಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿ, ಮುಂದೆ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು. ಅಸ್ಪೃಶ್ಯರೆಂದು ಹೊರಗಿಡಲಾಗಿದ್ದ ಮಕ್ಕಳಿಗೂ ಸರ್ಕಾರಿ ಶಾಲೆಯ ಒಳಗೆ ಜಾಗವಾಗಬೇಕೆಂಬ ಪಕ್ಷವನ್ನು ಅವರು ಮೈಸೂರಿನಲ್ಲಿದ್ದಾಗಲೇ ಹಿಡಿದಿದ್ದರು. 1931ರಲ್ಲಿ ಅವರ ಸ್ಥಾನಕ್ಕೆ ಬಂದ ಸರ್ವೇಪಲ್ಲಿ ರಾಧಾಕೃಷ್ಣನ್ ಕೂಡ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದವರೇ. ತೆಲುಗು ನಾಡಿನ ವಿದ್ಯಾಭ್ಯಾಸದ ಕಥೆಯಲ್ಲಿ ಮೈಸೂರಿನ ಈ ಪಾಲನ್ನು ಕನ್ನಡಿಗರು ಇನ್ನಷ್ಟು ನೆನೆಯಬೇಕು.

ಇಂದು ಈ ಎರಡು ನಗರಗಳ ಸರ್ಕಾರಿ ಮತ್ತು ಮುನಿಸಿಪಲ್ ಹೈಸ್ಕೂಲುಗಳ ದಿನಚರಿಯನ್ನು ಊರಿನೊಡನೆ ಬೆಸೆಯುವುದು ಮುಖ್ಯವಾಗಿ ಅನ್ನ. ಕರ್ನಾಟಕದ ಬಿಸಿಯೂಟದಂತೆ ಇಲ್ಲಿಯೂ ಮಧ್ಯಾಹ್ನ ಊಟವಿದ್ದು, 9 ಮತ್ತು 10ನೇ ತರಗತಿಯವರಿಗೂ ರಾಜ್ಯ ತನ್ನ ಖರ್ಚಿನಿಂದ ಬಡಿಸುತ್ತದೆ. 2024ರಲ್ಲಿ ಈ ಯೋಜನೆಗೆ ಡೊಕ್ಕಾ ಸೀತಮ್ಮನವರ ಹೆಸರಿಡಲಾಯಿತು. ಗೋದಾವರಿ ಸೀಮೆಯಲ್ಲಿ ಮನೆಗೆ ಬಂದ ಹಸಿದವರಿಗೆಲ್ಲ ಜಾತಿ ನೋಡದೆ ಅನ್ನವಿಕ್ಕಿದ ಗೃಹಿಣಿ ಆಕೆ. ಮೊಟ್ಟೆ, ಕಡಲೆಕಾಯಿ ಚಿಕ್ಕಿಗಳ ಜೊತೆಗೆ 2023ರಿಂದ ರಾಗಿಜಾವವೂ ಸೇರಿತು. ರಾಗಿಹಿಟ್ಟನ್ನು ನೀರಿನಲ್ಲಿ ಗಂಟಾಗದಂತೆ ಕದಡಿ, ಬೆಲ್ಲ ಹಾಕಿ ಕುದಿಸಿದ ಈ ಪೇಯ ಮೈಸೂರು ಸೀಮೆಯವರಿಗೆ ಅಂಬಲಿಯ ಹತ್ತಿರದ ನಂಟು. ಭತ್ತ ಬೆಳೆಯುವ ಕೃಷ್ಣಾ ತೀರದಲ್ಲಿ ಬೆಳೆದ ಮಕ್ಕಳ ಲೋಟಕ್ಕೆ ಅದು ಶಾಲೆಯ ಮೂಲಕ ಬಂದಿದೆ.

ಕಟ್ಟಡಗಳ ಮಾತಿಗೆ ಬಂದರೆ, 2019ರ ನವೆಂಬರ್ 14ರಂದು ಆರಂಭವಾದ ‘ಮನ ಬಡಿ ನಾಡು-ನೇಡು’ ಯೋಜನೆಯನ್ನು ಹೇಳಲೇಬೇಕು. ಕನ್ನಡಿಗರ ಕಿವಿಗೆ ನಾಡು ಎಂದರೆ ದೇಶ. ತೆಲುಗಿನ ಈ ನುಡಿಗಟ್ಟಿನಲ್ಲಿ ನಾಡು ಎಂದರೆ ಅಂದು, ನೇಡು ಎಂದರೆ ಇಂದು, ಮನ ಬಡಿ ಎಂದರೆ ನಮ್ಮ ಶಾಲೆ. ಮೊದಲ ಹಂತಕ್ಕೆ ಆರಿಸಿಕೊಂಡ 15,715 ಶಾಲೆಗಳಲ್ಲಿ ಶೌಚಾಲಯಕ್ಕೆ ನೀರು, ಕುಡಿಯುವ ನೀರು, ಬೆಂಚು, ಕಾಂಪೌಂಡು, ಸುಣ್ಣಬಣ್ಣ ಮುಂತಾದ ಕೆಲಸಗಳನ್ನು ಗುತ್ತಿಗೆದಾರರಿಗೆ ಒಪ್ಪಿಸುವ ಬದಲು ತಂದೆತಾಯಂದಿರ ಸಮಿತಿಗಳ ಕೈಗೆ ಕೊಟ್ಟದ್ದು ಇದರ ವಿಶೇಷ. ಹೆಣ್ಣುಮಕ್ಕಳು ಹತ್ತನೇ ತರಗತಿಯವರೆಗೆ ಉಳಿಯಬೇಕಾದರೆ ಬಾಗಿಲು ಭದ್ರವಾಗಿರುವ, ನೀರು ಬರುವ ಶೌಚಾಲಯ ಬೇಕು ಎಂಬುದನ್ನು ತಾಯಂದಿರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಬೋಧನೆಯ ಭಾಷೆಯ ಬಗ್ಗೆ ಮಾತ್ರ ಜಗಳ ತೀರಿಲ್ಲ. ಸರ್ಕಾರಿ ಶಾಲೆಗಳನ್ನೆಲ್ಲ ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸಲು 2019ರಲ್ಲಿ ಹೊರಟ ಆದೇಶವನ್ನು ಹೈಕೋರ್ಟು 2020ರ ಏಪ್ರಿಲ್‌ನಲ್ಲಿ ರದ್ದುಮಾಡಿತು. ಈ ನಡುವೆ ಬಂದ ದ್ವಿಭಾಷಾ ಪಠ್ಯಪುಸ್ತಕಗಳಲ್ಲಿ ಒಂದು ಪುಟ ಇಂಗ್ಲಿಷ್, ಎದುರು ಪುಟ ಅದೇ ಪಾಠ ತೆಲುಗಿನಲ್ಲಿ. ಮಗು ಅರ್ಥವಾಗದ ಪದವನ್ನು ಬೆರಳಿಟ್ಟು ಪಕ್ಕದ ಪುಟದಲ್ಲಿ ಹುಡುಕಿಕೊಳ್ಳಬಹುದು. ವಾದಿಗಳಿಬ್ಬರೂ ಕಾಣದೆ ಹೋದ ನಡುದಾರಿಯನ್ನು ಈ ಪುಸ್ತಕ ಕಂಡಿದೆ.

ಹತ್ತನೇ ತರಗತಿಯ ಪರೀಕ್ಷೆಯ ಆಡಳಿತ ಈಗ ನಡೆಯುವುದು ವಿಜಯವಾಡದಿಂದ. ಅಲ್ಲಿಂದ ಹೊರಡುವ ಪ್ರಶ್ನೆಪತ್ರಿಕೆಗಳ ಮಾಧ್ಯಮಗಳು ಏಳು: ತೆಲುಗು, ಇಂಗ್ಲಿಷ್, ಉರ್ದು, ಹಿಂದಿ, ತಮಿಳು, ಒಡಿಯಾ ಮತ್ತು ಕನ್ನಡ. ಆದವಾನಿ, ರಾಯದುರ್ಗಗಳ ಸುತ್ತಿನ ಗಡಿಯೂರುಗಳಲ್ಲಿ ಕನ್ನಡದಲ್ಲೇ ಓದಿದ ಮಕ್ಕಳು, ವಿಶಾಖಪಟ್ಟಣದ ಕಡಲ ದಂಡೆಯ ಮಕ್ಕಳು ಬರೆಯುವ ಅದೇ ದಿನ, ಅದೇ ಹೊತ್ತಿಗೆ, ಅದೇ ಪರೀಕ್ಷೆಯನ್ನು ಬರೆಯುತ್ತಾರೆ.