ಬ್ಲೌಸ್ ಪೀಸ್‌ನಲ್ಲಿ ಅಜ್ಜಿಗೊಂದು ಸಂಚಿ: ಮೊದಲು ಅಳತೆ, ಆಮೇಲೆ ಕತ್ತರಿ

ಈ ವಾರದ ಪಾಡ್‌ಕಾಸ್ಟ್‌ನ ಬರಹ ರೂಪ ಇಲ್ಲಿದೆ. ಕೇಳ್ತಾ ಕೇಳ್ತಾ ಅಳತೆ ಬರ್ಕೊಳ್ಳೋದು ಕಷ್ಟ ಅನ್ನೋರಿಗೆ ಎಲ್ಲಾ ಅಂಕಿಗಳೂ ಒಂದೇ ಕಡೆ ಸಿಗಲಿ ಅಂತ.

ಹೊಸಕೆರೆಹಳ್ಳಿ ಇರಲಿ, ಕತ್ರಿಗುಪ್ಪೆ ಇರಲಿ, ಬನಶಂಕರಿ ಇರಲಿ, ನಿಮ್ಮ ಮನೆ ಬೀರು ಒಂದ್ಸಲ ತೆಗೆದು ನೋಡಿ. ಸೀರೆಗಳ ಕೆಳಗೆ ಬ್ಲೌಸ್ ಪೀಸ್‌ಗಳ ಒಂದು ಕಟ್ಟು ಇದ್ದೇ ಇರತ್ತೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಬಂದಿದ್ದು, ಗೌರಿ ಬಾಗಿನದ ಜೊತೆ ಬಂದಿದ್ದು, ಯಾರದೋ ಗೃಹಪ್ರವೇಶದಲ್ಲಿ ಎಲೆ ಅಡಿಕೆ ತೆಂಗಿನಕಾಯಿ ಜೊತೆ ಕೊಟ್ಟಿದ್ದು. ಅಮ್ಮ ಅದನ್ನ ಹೊಲಿಸಲ್ಲ, ಯಾಕಂದ್ರೆ ಅದಕ್ಕೆ ಹೊಂದೋ ಸೀರೆ ಇಲ್ಲ. ಬಿಸಾಡೋದೂ ಇಲ್ಲ, ಯಾಕಂದ್ರೆ ಅರಿಶಿನ ಕುಂಕುಮದ ಜೊತೆ ಬಂದಿದ್ದು. ಮುಂದಿನ ಹಬ್ಬಕ್ಕೆ ಅದು ಇನ್ನೊಬ್ಬರ ಮಡಿಲು ಸೇರತ್ತೆ, ಅಲ್ಲಿಂದ ಮತ್ತೊಬ್ಬರ ಮನೆಗೆ. ಊರೆಲ್ಲಾ ಸುತ್ತಿ ಮೊದಲು ಕೊಟ್ಟವರ ಮನೆಗೇ ವಾಪಸ್ ಬಂದರೂ ಆಶ್ಚರ್ಯ ಇಲ್ಲ.

ಇದು ಯಾಕೆ ಯಾರ ಹತ್ರನೂ ನಿಲ್ಲಲ್ಲ? ಯಾರ ಅಳತೆಗೂ ಅದು ಮಾಡಿದ್ದಲ್ಲ, ಅದಕ್ಕೆ. ಇವತ್ತು ಆ ಕಟ್ಟಿನಿಂದ ಒಂದು ಬಟ್ಟೆ ತಗೊಂಡು, ಒಬ್ಬರ ಅಳತೆಗೇ ಒಂದು ಉಡುಗೊರೆ ಹೊಲಿಯೋಣ. ಐದು ಜೇಬಿನ, ಸುರುಳಿ ಸುತ್ತಿ ಲಾಡಿ ಕಟ್ಟೋ ಬಟ್ಟೆಯ ಆರ್ಗನೈಸರ್. ಯಾರಿಗೆ ಅಂದ್ರೆ, ಎರಡು ತಿಂಗಳು ಮಗನ ಮನೆ, ಎರಡು ತಿಂಗಳು ಮಗಳ ಮನೆ ಅಂತ ಓಡಾಡೋ ಅಜ್ಜಿಗೆ.

ಹೆಸರು ಹೊಸದು, ವಸ್ತು ಹಳೇದು

ಆರ್ಗನೈಸರ್ ಅನ್ನೋ ಪದ ಈಗಿನದು. ವಸ್ತು ಮಾತ್ರ ನಮ್ಮ ಮನೆಗಳಿಗೆ ಹೊಸದಲ್ಲ. ಎಲೆ ಅಡಿಕೆ ಹಾಕೋ ಹಿರಿಯರ ಸೊಂಟದಲ್ಲಿ ಇರ್ತಿತ್ತಲ್ಲ ಸಂಚಿ, ಅದೇ ಇದು. ಉತ್ತರ ಕರ್ನಾಟಕದ ಕಡೆ ಚಂಚಿ ಅಂತಾರೆ. ಹೊರಗಿಂದ ನೋಡೋಕೆ ಒಂದು ಪುಟ್ಟ ಚೀಲ. ದಾರ ಸಡಿಲಿಸಿ ಬಿಡಿಸಿದ್ರೆ ಒಳಗೆ ಜೇಬಿನ ಹಿಂದೆ ಜೇಬು. ವೀಳ್ಯದೆಲೆಗೆ ದೊಡ್ಡದು, ಅಡಿಕೆಗೆ ಚಿಕ್ಕದು, ಸುಣ್ಣದ ಡಬ್ಬಿಗೆ ಬೇರೆಯದೇ. ಸುಣ್ಣ ಎಲೆಗೆ ಮೆತ್ತಬಾರದು, ಅಡಿಕೆ ತುಂಡು ಎಲೆ ಹರೀಬಾರದು. ಯಾವ ವಸ್ತು ಎಷ್ಟು ದೊಡ್ಡದು, ಯಾವುದರ ಪಕ್ಕ ಯಾವುದು ಇರಬಾರದು ಅನ್ನೋದನ್ನ ನೋಡಿ ಹೊಲಿದ ಚೀಲ ಅದು.

ನಮ್ಮ ಸಾಹಿತ್ಯದಲ್ಲೂ ಈ ಚೀಲಕ್ಕೆ ಜಾಗ ಇದೆ. 1673ರಿಂದ 1704ರವರೆಗೆ ಮೈಸೂರು ಆಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮ, 'ಹದಿಬದೆಯ ಧರ್ಮ' ಅನ್ನೋ ಕಾವ್ಯ ಬರೆದಳು. ಇವತ್ತಿಗೂ ನಾವು ಅವಳನ್ನ ಕರೆಯೋದು ಸಂಚಿಯ ಹೊನ್ನಮ್ಮ ಅಂತಲೇ.

ಮೊದಲು ವಸ್ತುಗಳನ್ನ ಸಾಲಾಗಿ ಇಡಿ

ಬಹಳ ಜನ ಬಟ್ಟೆ ಹರವಿ, ಒಂದೇ ಅಳತೆಯ ಐದು ಜೇಬು ಹೊಲಿದುಬಿಡ್ತಾರೆ. ನೋಡೋಕೆ ಚೆನ್ನಾಗಿರತ್ತೆ. ಕನ್ನಡಕದ ಡಬ್ಬಿ ಮಾತ್ರ ಒಳಗೆ ಹೋಗಲ್ಲ, ಆಧಾರ್ ಕಾರ್ಡ್ ತಳಕ್ಕೆ ಜಾರಿ ಕೈಗೇ ಸಿಗಲ್ಲ. ಮೂರನೇ ದಿನಕ್ಕೆ ಅಜ್ಜಿ ಹಳೇ ಪ್ಲಾಸ್ಟಿಕ್ ಕವರ್‌ಗೇ ವಾಪಸ್.

ಹಾಗಾಗಿ ಮೊದಲು ಅಜ್ಜಿ ಪಕ್ಕ ಕೂತು, ಪ್ರಯಾಣಕ್ಕೆ ಏನೇನು ಜೊತೆಗೆ ಇಟ್ಕೋತಾರೆ ಕೇಳಿ. ಒಂದೊಂದನ್ನೂ ಚಾಪೆ ಮೇಲೆ ಇಡಿಸಿ. ನಮ್ಮ ಲೆಕ್ಕಕ್ಕೆ ಐದು ವಸ್ತು ಇಟ್ಕೊಳ್ಳೋಣ: ಕನ್ನಡಕದ ಡಬ್ಬಿ, ಬೆಳಗಿನ ಮಾತ್ರೆ, ರಾತ್ರಿ ಮಾತ್ರೆ, ಫೋನ್ ಚಾರ್ಜರ್, ಗುರುತಿನ ಚೀಟಿ. ಕೊನೆಯದು ಯಾಕೆ ಅಂದ್ರೆ, 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ಸಲ್ಲಿ ಶೂನ್ಯ ಟಿಕೆಟ್ ಬೇಕಾದ ಹೆಂಗಸರು ಗುರುತಿನ ಚೀಟಿ ತೋರಿಸಬೇಕು. ಕಂಡಕ್ಟರ್ ಮುಂದೆ ನಿಂತಾಗ ಇಡೀ ಚೀಲ ಮಗುಚೋ ಹಾಗೆ ಇರಬಾರದು.

ಈಗ ಸೂತ್ರ. ಇಡೀ ಸಂಚಿಕೆಯಲ್ಲಿ ಒಂದೇ ಒಂದು ವಿಷಯ ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ. ವಸ್ತುವಿನ ಅಗಲ ಅಳೀಬೇಡಿ, ಸುತ್ತಳತೆ ಅಳೀರಿ. ಟೇಪನ್ನ ವಸ್ತುವಿನ ಸುತ್ತ ಒಂದು ಸುತ್ತು ತನ್ನಿ. ಬಂದ ಅಂಕಿಯ ಅರ್ಧಕ್ಕೆ ಅರ್ಧ ಇಂಚು ಸೇರಿಸಿ. ಅದೇ ಜೇಬಿನ ಅಗಲ.

ಯಾಕೆ ಅಂದ್ರೆ, ಜೇಬು ಅನ್ನೋದು ಎರಡು ಪದರದ ಬಟ್ಟೆ. ವಸ್ತು ಒಳಗೆ ಹೋದಾಗ ಹಿಂದಿನ ಪದರ, ಮುಂದಿನ ಪದರ ಎರಡೂ ಸೇರಿ ಅದನ್ನ ಅಪ್ಪಿಕೊಳ್ಳಬೇಕು. ಬರೀ ಅಗಲ ಅಳೆದರೆ ದಪ್ಪದ ಲೆಕ್ಕ ಬಿಟ್ಟು ಹೋಗತ್ತೆ. ಉದಾಹರಣೆಗೆ ಕನ್ನಡಕದ ಡಬ್ಬಿ ಎರಡೂವರೆ ಇಂಚು ಅಗಲ ಕಾಣ್ಬಹುದು, ಆದರೆ ಸುತ್ತಳತೆ 7 ಇಂಚು. ಅದರ ಅರ್ಧ ಮೂರೂವರೆ, ಅದಕ್ಕೆ ಅರ್ಧ ಸೇರಿಸಿದ್ರೆ 4 ಇಂಚು. ಎರಡೂವರೆ ಇಂಚಿನ ಜೇಬು ಹೊಲಿದಿದ್ರೆ ಡಬ್ಬಿಯ ಮೂಲೆಯೂ ಒಳಗೆ ಹೋಗ್ತಿರಲಿಲ್ಲ.

ಎಡದಿಂದ ಬಲಕ್ಕೆ ನಮ್ಮ ಜೇಬುಗಳ ಅಗಲ ಹೀಗೆ: ಕನ್ನಡಕಕ್ಕೆ 4 ಇಂಚು, ಬೆಳಗಿನ ಮಾತ್ರೆಗೆ 3, ರಾತ್ರಿ ಮಾತ್ರೆಗೆ 3, ಚಾರ್ಜರ್‌ಗೆ 3½, ಕಾರ್ಡಿಗೆ 3. ಒಟ್ಟು 16½ ಇಂಚು. ನಿಮ್ಮ ಅಜ್ಜಿಯ ವಸ್ತುಗಳ ಅಳತೆ ಬೇರೆ ಬಂದ್ರೆ ಅದನ್ನೇ ಹಾಕಿ, ಉಳಿದ ಲೆಕ್ಕ ಹಾಗೇ ನಡಿಯತ್ತೆ.

ಏನೇನು ಬೇಕು

ಒಂದು ಕಾಟನ್ ಬ್ಲೌಸ್ ಪೀಸ್. ಸಾಮಾನ್ಯವಾಗಿ ಇವು 80 ಸೆಂಟಿಮೀಟರ್‌ನಿಂದ 1 ಮೀಟರ್ ಇರ್ತವೆ, ಹೊರಗಿನ ತುಂಡು, ಜೇಬಿನ ತುಂಡು ಎರಡೂ ಒಂದರಲ್ಲೇ ಬರತ್ತೆ. ಒಳಭಾಗಕ್ಕೆ ಬೇರೆ ಬಣ್ಣದ ಇನ್ನೊಂದು. ಬ್ಲೌಸ್ ಬಟ್ಟೆ ತೆಳು, ಹಾಗಾಗಿ ನಡುವೆ ಕೊಡೋಕೆ ಹಳೇ ಕಾಟನ್ ಬೆಡ್‌ಶೀಟ್. ಲಾಡಿಗೆ ಒಂದು ಗಜ, ಅಂದ್ರೆ 36 ಇಂಚು. ಹಳೇ ಸೀರೆಯಿಂದ ಬಿಚ್ಚಿದ ಫಾಲ್ ಇದ್ರೆ ಅದನ್ನ ಉದ್ದಕ್ಕೆ ಮಡಚಿ ಹೊಲಿದರೂ ಸಾಕು. ಮೂರು ಸಣ್ಣ ಗುಂಡಿ. ದಾರ, ಗುಂಡುಪಿನ್ನು, ಟೇಪು. ಗುರುತು ಹಾಕೋಕೆ ಸವೆದು ತೆಳ್ಳಗಾದ ಸೋಪಿನ ಚೂರು.

ದಾರ, ಗುಂಡಿ, ಲಾಡಿ ನಿಮ್ಮ ರಸ್ತೆಯ ಮ್ಯಾಚಿಂಗ್ ಸೆಂಟರ್‌ನಲ್ಲೇ ಸಿಗತ್ತೆ. ಇನ್ನೂ ಬಗೆಬಗೆ ನೋಡ್ಬೇಕು ಅಂದ್ರೆ ಬನಶಂಕರಿಯಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳೀರಿ.

ಕತ್ತರಿಸೋ ಮುಂಚೆ ಎಲ್ಲಾ ಬಟ್ಟೆನೂ ಒಂದ್ಸಲ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ. ಹೊಸ ಕಾಟನ್ ಮೊದಲ ಒಗೆತದಲ್ಲಿ ಕುಗ್ಗತ್ತೆ. ಹಳೇ ಬೆಡ್‌ಶೀಟ್ ಕುಗ್ಗೋದೆಲ್ಲ ಕುಗ್ಗಿ ಮುಗಿದಿರತ್ತೆ. ಎರಡನ್ನೂ ಹಾಗೇ ಸೇರಿಸಿ ಹೊಲಿದ್ರೆ ಆಮೇಲೆ ಒಗೆದಾಗ ಸುಕ್ಕು ಸುಕ್ಕಾಗತ್ತೆ. ಕೆಂಪು, ಕಡುನೀಲಿ ಬಟ್ಟೆ ಬಣ್ಣ ಬಿಡತ್ತಾ ಅನ್ನೋದೂ ಆಗಲೇ ಗೊತ್ತಾಗತ್ತೆ.

ಕತ್ತರಿಸೋ ಅಳತೆ

ಹೊರಗಿನ ತುಂಡು: 17½ ಇಂಚು ಅಗಲ, 13 ಇಂಚು ಎತ್ತರ.
ಒಳಗಿನ ತುಂಡು: ಅಷ್ಟೇ.
ನಡುವಿನ ಬೆಡ್‌ಶೀಟ್ ತುಂಡು: ಅಷ್ಟೇ.
ಜೇಬಿನ ತುಂಡು: 17½ ಇಂಚು ಅಗಲ, 11 ಇಂಚು ಎತ್ತರ.

ಸುತ್ತಲೂ ಅರ್ಧರ್ಧ ಇಂಚು ಹೊಲಿಗೆಗೆ ಹೋಗತ್ತೆ. ಕೊನೆಗೆ ಉಳಿಯೋದು 16½ ಅಗಲ, 12 ಎತ್ತರ.

ಹೊಲಿಗೆ, ಹಂತ ಹಂತವಾಗಿ

ಒಂದು. ಜೇಬಿನ ತುಂಡನ್ನ ಎತ್ತರದಲ್ಲಿ ಅರ್ಧಕ್ಕೆ ಮಡಚಿ ಇಸ್ತ್ರಿ ಮಾಡಿ. ಮಡಿಕೆ ಇರೋ ಕಡೆ ಜೇಬಿನ ಬಾಯಿ. ಬಾಯಿಯಿಂದ ಕಾಲು ಇಂಚು ಕೆಳಗೆ ಒಂದು ಉದ್ದ ಹೊಲಿಗೆ ಹಾಕಿ. ಹೀಗೆ ಮಾಡಿದ್ರೆ ಅಂಚು ಮಡಚೋ ಕೆಲಸ ಉಳಿಯತ್ತೆ, ತೆಳು ಬಟ್ಟೆ ಎರಡು ಪದರ ಆಗಿ ಗಟ್ಟಿನೂ ಆಗತ್ತೆ.

ಎರಡು. ಎಡ ಅಂಚಿನಿಂದ 4½, 7½, 10½, 14 ಇಂಚಿಗೆ ಸೋಪಿನಲ್ಲಿ ನಾಲ್ಕು ನೇರ ಗೆರೆ ಎಳೀರಿ. ಇವೇ ಜೇಬುಗಳ ಗಡಿ.

ಮೂರು. ಈಗಲೇ ಗುಂಡಿ ಹಾಕಿ. ಬೆಳಗಿನ ಜೇಬಿನ ಮೇಲೆ ಒಂದು, ರಾತ್ರಿ ಜೇಬಿನ ಮೇಲೆ ಎರಡು. ಇದು ಅಲಂಕಾರಕ್ಕಲ್ಲ. ಕನ್ನಡಕ ಹುಡುಕೋಕೂ ಕನ್ನಡಕ ಬೇಕು ಅನ್ನೋ ವಯಸ್ಸಲ್ಲಿ, ರಾತ್ರಿ ಮಂದ ಬೆಳಕಲ್ಲಿ, ಬೆರಳಿಗೆ ಎರಡು ಗುಂಡಿ ತಾಗಿದ್ರೆ ಅದು ರಾತ್ರಿ ಮಾತ್ರೆ ಅಂತ ತಿಳಿಯತ್ತೆ. ಬೆಳಗಿನ ಬಿಪಿ ಮಾತ್ರೆ ತಪ್ಪಿ ರಾತ್ರಿ ಇನ್ನೊಮ್ಮೆ ಹೊಟ್ಟೆಗೆ ಹೋಗೋದನ್ನ ತಡೆಯೋಕೆ ಇದೊಂದು ಚಿಕ್ಕ ಆಸರೆ.

ನಾಲ್ಕು. ಒಳಗಿನ ತುಂಡಿನ ಸರಿಮೈ ಮೇಲೆ ಜೇಬಿನ ತುಂಡು ಇಡಿ, ಕೆಳ ಅಂಚುಗಳು ಸಮ ಇರಲಿ. ಪಿನ್ ಚುಚ್ಚಿ. ನಾಲ್ಕೂ ಗೆರೆ ಮೇಲೆ ಕೆಳಗಿನಿಂದ ಬಾಯಿಯ ಕಡೆಗೆ ಹೊಲೀರಿ. ಬಾಯಿ ಹತ್ರ ಬಂದಾಗ ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ ಹೊಲಿದು ಭದ್ರ ಮಾಡಿ. ಕೈ ಹಾಕಿ ಎಳೆಯೋದು ಅಲ್ಲೇ, ಜೇಬು ಕಿತ್ತು ಬರೋದೂ ಅಲ್ಲಿಂದಲೇ. ಮೈಸೂರು ರಸ್ತೆ ಕಡೆಯ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡೋ ಅಕ್ಕಂದಿರು ನಿಮ್ಮ ವಠಾರದಲ್ಲಿ ಯಾರಾದ್ರೂ ಇದ್ರೆ ಈ ಹಂತಕ್ಕೆ ಅವರನ್ನ ಪಕ್ಕ ಕೂರಿಸ್ಕೊಳ್ಳಿ. ನಾವು ನಾಲ್ಕು ಸಲ ಹೇಳೋದನ್ನ ಅವರು ಒಂದೇ ಸಲ ಮಾಡಿ ತೋರಿಸ್ತಾರೆ.

ಐದು. ಕಾರ್ಡಿನ ಜೇಬಿಗೆ ಮಾತ್ರ, ಕೆಳ ಅಂಚಿನಿಂದ 2½ ಇಂಚು ಮೇಲೆ ಒಂದು ಅಡ್ಡ ಹೊಲಿಗೆ ಹಾಕಿ. ಆಧಾರ್ ಗಾತ್ರದ ಕಾರ್ಡನ್ನ ನೇರ ನಿಲ್ಲಿಸಿದ್ರೆ ಸುಮಾರು 3.4 ಇಂಚು ಎತ್ತರ. ಜೇಬು 5 ಇಂಚು ಆಳ. ಹೊಲಿಗೆ ಹಾಕಿ ತಳ ಮೇಲೆತ್ತಿದ್ರೆ ಕಾರ್ಡಿನ ತುದಿ ಬಾಯಿಂದ ಹೊರಗೆ ಇಣುಕತ್ತೆ, ಎರಡು ಬೆರಳಲ್ಲಿ ಎಳೀಬಹುದು.

ಆರು. ಲಾಡಿಯನ್ನ ನಡುವಿಗೆ ಮಡಚಿ. ಆ ಮಡಿಕೆ ಒಳಗಿನ ತುಂಡಿನ ಬಲ ಅಂಚಿಗೆ, ಕೆಳಗಿನಿಂದ 4½ ಇಂಚು ಮೇಲೆ ಬರಲಿ. ಎರಡು ಬಾಲವನ್ನೂ ಬಟ್ಟೆಯ ಮಧ್ಯಕ್ಕೆ ಸುತ್ತಿ ಪಿನ್ ಮಾಡಿ, ಇಲ್ಲಾಂದ್ರೆ ಮುಂದಿನ ಹೊಲಿಗೆಗೆ ಸಿಕ್ಕಿಕೊಳ್ಳತ್ತೆ.

ಏಳು. ಇದರ ಮೇಲೆ ಹೊರಗಿನ ತುಂಡನ್ನ ಸರಿಮೈ ಒಳಮುಖವಾಗಿ ಇಡಿ. ಅದರ ಮೇಲೆ ಬೆಡ್‌ಶೀಟ್ ತುಂಡು. ಸುತ್ತಲೂ ಅರ್ಧ ಇಂಚು ಒಳಗೆ ಹೊಲೀರಿ, ಮೇಲಿನ ಅಂಚಲ್ಲಿ 4 ಇಂಚು ಮಾತ್ರ ತೆರೆದು ಬಿಡಿ. ನಾಲ್ಕು ಮೂಲೆಯಲ್ಲೂ ಹೊಲಿಗೆಗೆ ತಾಗದ ಹಾಗೆ ಹೆಚ್ಚಿನ ಬಟ್ಟೆ ಕತ್ತರಿಸಿ. ತೆರೆದ ಜಾಗದಿಂದ ಇಡೀ ಚೀಲವನ್ನ ಒಳಗಿನದು ಹೊರಗೆ ಬರೋ ಹಾಗೆ ತಿರುವಿ, ಪಿನ್ನುಗಳನ್ನೆಲ್ಲ ಲೆಕ್ಕ ಮಾಡಿ ತೆಗೀರಿ. ಇಸ್ತ್ರಿ ಮಾಡಿ, ತೆರೆದ ಅಂಚನ್ನ ಒಳಗೆ ಮಡಚಿ, ಸುತ್ತಲೂ ಅಂಚಿಗೇ ಒಂದು ಹೊಲಿಗೆ ಓಡಿಸಿ. ಆ ಬಾಯಿನೂ ಅದರಲ್ಲೇ ಮುಚ್ಚತ್ತೆ.

ಮಿಷನ್‌ಗೆ 14 ನಂಬರ್ ಸೂಜಿ ಸಾಕು. ಬೆಡ್‌ಶೀಟ್ ಬದಲು ಹಳೇ ಜೀನ್ಸ್ ಹಾಕೋದಾದ್ರೆ 16.

ಮನೇಲಿ ಮಿಷನ್ ಇಲ್ವಾ?

ಕೈಯಲ್ಲೇ ಹೊಲೀರಿ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಸಿದ್ದಿ ಹೆಣ್ಣುಮಕ್ಕಳು ಹಳೇ ಬಟ್ಟೆ ಚೂರುಗಳನ್ನ ಜೋಡಿಸಿ, ಇಡೀ ಕೌದಿಯನ್ನೇ ಕೈ ಹೊಲಿಗೆಯಲ್ಲಿ ಮುಗಿಸ್ತಾರೆ. ನಮ್ಮದು ಅದರ ಮುಂದೆ ಅಂಗೈಯಷ್ಟು. ಎರಡೆಳೆ ದಾರ ತಗೊಂಡು, ಒಂದು ಹೆಜ್ಜೆ ಮುಂದೆ ಚುಚ್ಚಿ ಅರ್ಧ ಹೆಜ್ಜೆ ಹಿಂದೆ ಬನ್ನಿ. ಇದರಲ್ಲಿ ಒಂದು ಕಡೆ ದಾರ ಕಿತ್ತರೂ ಉಳಿದ ಹೊಲಿಗೆ ಸುಲಭಕ್ಕೆ ಬಿಚ್ಚಿಕೊಳ್ಳಲ್ಲ. ನಿಧಾನ ಆಗತ್ತೆ, ಎರಡು ಮೂರು ಸಂಜೆ ಹಿಡೀಬಹುದು. ಬೇಡ ಅಂದ್ರೆ, ಅಳತೆ ನೀವು ತಗೊಂಡು, ಗೆರೆ ನೀವು ಎಳೆದು, ಹೊಲಿಗೆ ಮಾತ್ರ ಆಲ್ಟರೇಷನ್ ಅಂಗಡಿಯಲ್ಲಿ ಹಾಕಿಸಿ. ಉಡುಗೊರೆ ಅಷ್ಟಕ್ಕೇನೂ ಕಡಿಮೆ ಆಗಲ್ಲ.

ಸುತ್ತೋದು ಹೇಗೆ, ಕೊಡೋದು ಹೇಗೆ

ವಸ್ತುಗಳನ್ನ ಹಾಕಿ. ಮೇಲಿನ 4 ಇಂಚು ಬಟ್ಟೆಯನ್ನ ಜೇಬುಗಳ ಮೇಲೆ ಮುಚ್ಚಳದ ಹಾಗೆ ಮಡಚಿ. ಅದು ಜೇಬಿನ ಬಾಯಿ ದಾಟಿ ಒಂದು ಇಂಚು ಕೆಳಗೆ ಬರತ್ತೆ, ಚೀಲ ತಲೆಕೆಳಗಾದರೂ ಏನೂ ಬೀಳಲ್ಲ. ಕನ್ನಡಕದ ಕಡೆಯಿಂದ ಸುತ್ತಲು ಶುರು ಮಾಡಿ. ಗಟ್ಟಿ ಡಬ್ಬಿ ನಡುವೆ ಕೂರತ್ತೆ, ಕಾರ್ಡಿನ ಜೇಬು ಕೊನೆಗೆ ಬರತ್ತೆ. ಅಂದ್ರೆ ಬಸ್ಸಲ್ಲಿ ಲಾಡಿ ಎಳೆದು ಒಂದೇ ಸುತ್ತು ಬಿಚ್ಚಿದ್ರೆ ಮೊದಲು ಸಿಗೋದು ಕಾರ್ಡೇ.

ಮಾತ್ರೆಗಳನ್ನ ಸ್ಟ್ರಿಪ್‌ನಿಂದ ಬಿಡಿಸಿ ಹಾಕಬೇಡಿ. ಹೆಸರು, ಅವಧಿ ಮುಗಿಯೋ ದಿನಾಂಕ ಇರೋದು ಸ್ಟ್ರಿಪ್ ಮೇಲೆ. ಡಾಕ್ಟರ್ ಮಾತ್ರೆ ಬದಲಿಸಿದಾಗ ಹಳೇದನ್ನ ಆ ದಿನವೇ ಜೇಬಿನಿಂದ ತೆಗೀಬೇಕು ಅನ್ನೋದನ್ನೂ ಅಜ್ಜಿಗೆ ಹೇಳಿ.

ಇನ್ನೊಂದು ಮಾತು. ಚೀಲವನ್ನ ಖಾಲಿ ಕೊಡಬೇಡಿ. ಕಾರ್ಡಿನ ಜೇಬಲ್ಲಿ ಒಂದು ಚೀಟಿ ಇರಲಿ, ಅದರಲ್ಲಿ ಅಜ್ಜಿ ಹೆಸರು, ಮನೆಯ ಇಬ್ಬರ ಫೋನ್ ನಂಬರು, ಯಾವ ಮಾತ್ರೆ ಯಾವ ಹೊತ್ತಿಗೆ ಅನ್ನೋದು ದಪ್ಪ ಅಕ್ಷರದಲ್ಲಿ. ಅದನ್ನ ಬರೆಯೋಕೆ ಕೂತಾಗಲೇ, ಅಜ್ಜಿ ದಿನಕ್ಕೆ ಎಷ್ಟು ಮಾತ್ರೆ ತಗೋತಾರೆ ಅನ್ನೋದು ನಮ್ಮಲ್ಲಿ ಎಷ್ಟೋ ಜನಕ್ಕೆ ಮೊದಲ ಸಲ ಗೊತ್ತಾಗತ್ತೆ. ಅಂಗಡಿಯಿಂದ ತಂದ ಆರ್ಗನೈಸರ್ ಈ ಪ್ರಶ್ನೆ ಕೇಳಿಸಲ್ಲ.

ಪಿಜಿಯಲ್ಲಿರೋ ಗೆಳತಿಗೆ ಕೊಡೋದಾದ್ರೆ ಮಾತ್ರೆ ಜಾಗಕ್ಕೆ ಇಯರ್‌ಫೋನ್, ಪೆನ್ನು, ಕಾಲೇಜಿನ ಐಡಿ ಕಾರ್ಡ್ ಬರತ್ತೆ. ಸೂತ್ರ ಮಾತ್ರ ಅದೇ, ಸುತ್ತಳತೆಯ ಅರ್ಧ, ಮೇಲೆ ಅರ್ಧ ಇಂಚು.

ಅಮ್ಮನ ಹತ್ರ ಕೇಳಿ ಒಂದು ಬ್ಲೌಸ್ ಪೀಸ್ ಈಚೆಗೆ ತೆಗೀರಿ. ಊರೆಲ್ಲಾ ಸುತ್ತಿದ ಆ ಬಟ್ಟೆ ಇನ್ನು ಮುಂದೆ ಅಜ್ಜಿ ಜೊತೆ ಮಾತ್ರ ಊರು ಸುತ್ತಲಿ. ಹೊಲಿದವರು ಅಳತೆಯಲ್ಲಿ ಏನಾದ್ರೂ ಗೊಂದಲ ಇದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.