ಶಿಶುವಿಗೆ ಹಾಲು, ಸೋಯಾ ಒಗ್ಗದಿದ್ದಲ್ಲಿ ಎದೆಹಾಲುಣಿಸುವ ತಾಯಿಯ ಆಹಾರ

ಎದೆಹಾಲನ್ನು ಮಾತ್ರ ಕುಡಿಯುವ ಕೆಲವು ಶಿಶುಗಳ ಮಲದಲ್ಲಿ ರಕ್ತದ ಎಳೆಗಳು ಹಾಗೂ ಲೋಳೆ ಕಂಡುಬರುವುದುಂಟು. ಸಾಮಾನ್ಯವಾಗಿ ಮೊದಲ ಆರು ತಿಂಗಳೊಳಗೆ ಕಾಣಿಸಿಕೊಳ್ಳುವ ಈ ತೊಂದರೆಯಲ್ಲಿ ಮಗು ಚೆನ್ನಾಗಿ ಹಾಲು ಕುಡಿಯುತ್ತಾ ತೂಕವನ್ನೂ ಪಡೆಯುತ್ತಿರುತ್ತದೆ. ತಾಯಿ ಸೇವಿಸಿದ ಹಾಲಿನ ಪ್ರೋಟೀನು ಅತ್ಯಲ್ಪ ಪ್ರಮಾಣದಲ್ಲಿ ಎದೆಹಾಲಿಗೆ ಸೇರಿ, ಶಿಶುವಿನ ಕರುಳಿನ ಒಳಪದರದಲ್ಲಿ ಉರಿಯೂತವನ್ನುಂಟುಮಾಡುವುದು ಇದಕ್ಕೆ ಒಂದು ಕಾರಣ. ಕೆಲವು ಶಿಶುಗಳಿಗೆ ಸೋಯಾ ಪ್ರೋಟೀನೂ ಒಗ್ಗುವುದಿಲ್ಲ. ಇದಕ್ಕಾಗಿ ಎದೆಹಾಲು ನಿಲ್ಲಿಸುವ ಅಗತ್ಯವಿಲ್ಲ. ವೈದ್ಯರ ಸಲಹೆಯಂತೆ ತಾಯಿಯ ಆಹಾರವನ್ನು ಬದಲಿಸಿದರೆ ಸಾಕು. ಡಬ್ಬಿ ಹಾಲಿನ ಪುಡಿಗಳಲ್ಲಿ ಹೆಚ್ಚಿನವು ಹಸುವಿನ ಹಾಲಿನಿಂದಲೇ ತಯಾರಾಗುವುದರಿಂದ, ಅವುಗಳನ್ನು ನೀಡಿದಲ್ಲಿ ತೊಂದರೆ ಹೆಚ್ಚುವ ಸಂಭವವಿದೆ.

ಮಗು ಅಳುವುದು, ಹಾಲು ಕಕ್ಕುವುದು, ದಿನಕ್ಕೆ ಹಲವು ಬಾರಿ ಮಲ ವಿಸರ್ಜಿಸುವುದು, ಇಷ್ಟರಿಂದಲೇ ಆಹಾರ ಒಗ್ಗುತ್ತಿಲ್ಲವೆಂದು ತೀರ್ಮಾನಿಸಲಾಗದು. ಮಲದಲ್ಲಿ ರಕ್ತ ಕಾಣಲು ಗುದದ್ವಾರದ ಸೀಳು, ಸೋಂಕು ಮುಂತಾದ ಕಾರಣಗಳೂ ಇರಬಹುದಾದ್ದರಿಂದ ಮೊದಲು ವೈದ್ಯರಿಗೆ ತೋರಿಸತಕ್ಕದ್ದು. ಜ್ವರ, ಹಸಿರು ಬಣ್ಣದ ವಾಂತಿ, ಹೊಟ್ಟೆಯುಬ್ಬರ, ಹೆಚ್ಚು ರಕ್ತ, ಉಸಿರಾಟದ ತೊಂದರೆ ಇದ್ದಲ್ಲಿ ಅಥವಾ ಮಗು ಹಾಲು ಕುಡಿಯದೆ ಮಂಕಾಗಿದ್ದಲ್ಲಿ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. 108 ಆಂಬುಲೆನ್ಸ್ ಸೇವೆಯನ್ನು ಬಳಸಬಹುದು.

ನಮ್ಮಲ್ಲಿ ಬಾಣಂತಿಗೆ ಪಥ್ಯ ಹೊಸದೇನಲ್ಲ. ಆದರೆ ಈ ಪಥ್ಯಕ್ಕೆ ಗಡುವಿದೆ. ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ಪನೀರ್, ಖೋವಾ ಮತ್ತು ಇವು ಸೇರಿದ ಸಿಹಿತಿಂಡಿ, ಬಿಸ್ಕತ್ತುಗಳನ್ನು ಎರಡರಿಂದ ನಾಲ್ಕು ವಾರ ಸಂಪೂರ್ಣವಾಗಿ ಬಿಡಬೇಕಾಗುತ್ತದೆ. ತುಪ್ಪದಲ್ಲಿಯೂ ಪ್ರೋಟೀನಿನ ಅಂಶ ಉಳಿದಿರಬಹುದಾದ್ದರಿಂದ ಈ ಅವಧಿಯಲ್ಲಿ ಅಂಟಿನುಂಡೆಯನ್ನು ಎಣ್ಣೆಯಲ್ಲಿ ತಯಾರಿಸುವುದು ಲೇಸು. ಎಮ್ಮೆ ಹಾಗೂ ಮೇಕೆ ಹಾಲಿನ ಪ್ರೋಟೀನುಗಳು ಹಸುವಿನ ಹಾಲಿನದನ್ನೇ ಹೋಲುವುದರಿಂದ ಅವು ಬದಲಿಯಾಗಲಾರವು. ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ತೆಗೆದ ಹಾಲಿನಿಂದಲೂ ಪ್ರಯೋಜನವಿಲ್ಲ. ಇಲ್ಲಿ ತೊಂದರೆ ಸಕ್ಕರೆಯದಲ್ಲ, ಪ್ರೋಟೀನಿನದು.

ಸೋಯಾವನ್ನು ಎಲ್ಲರೂ ಬಿಡಬೇಕಿಲ್ಲ. ಹಾಲು ಬಿಟ್ಟರೂ ಗುಣ ಕಾಣದಿದ್ದಾಗ ಅಥವಾ ವೈದ್ಯರು ಸೂಚಿಸಿದಾಗ ಮಾತ್ರ ಬಿಡುವುದು. ಆಗ ಸೋಯಾ ಉಂಡೆ, ಸೋಯಾ ಹಾಲು, ಸೋಯಾ ಸಾಸ್‌ಗಳೊಂದಿಗೆ ಗೋಧಿಗೆ ಸೋಯಾ ಬೆರೆಸಿ ಬೀಸಿದ ಹಿಟ್ಟನ್ನೂ ಗಮನಿಸಬೇಕು. ಶುದ್ಧೀಕರಿಸಿದ ಸೋಯಾ ಎಣ್ಣೆಯಲ್ಲಿ ಪ್ರೋಟೀನು ಅತ್ಯಲ್ಪವಿರುವುದರಿಂದ ಅದು ಸಾಮಾನ್ಯವಾಗಿ ಬಾಧಿಸುವುದಿಲ್ಲ. ಪೊಟ್ಟಣದ ಆಹಾರಗಳ ಮೇಲೆ ಹಾಲು ಮತ್ತು ಸೋಯಾ ಇರುವುದನ್ನು ನಮೂದಿಸಬೇಕೆಂದು ಆಹಾರ ಸುರಕ್ಷತೆ ಪ್ರಾಧಿಕಾರದ 2020ರ ನಿಯಮಗಳು ವಿಧಿಸಿವೆ. ಪಟ್ಟಿಯಲ್ಲಿ ಕೇಸೀನ್, ವ್ಹೇ ಎಂದಿದ್ದರೆ ಅದೂ ಹಾಲೇ.

ಹಾಲು ಕುಡಿಯದಿದ್ದರೆ ಎದೆಹಾಲು ಬತ್ತುವುದೆಂಬ ಆತಂಕ ಮನೆಯ ಹಿರಿಯರಲ್ಲಿ ಸಹಜ. ಎದೆಹಾಲಿನ ಉತ್ಪತ್ತಿ ಮಗು ಎಷ್ಟು ಬಾರಿ ಚೀಪುತ್ತದೆ ಎಂಬುದನ್ನು ಮುಖ್ಯವಾಗಿ ಅವಲಂಬಿಸಿದೆ. ಆದರೆ ತಾಯಿಗೆ ಸುಣ್ಣದ ಅಂಶದ ಕೊರತೆಯಾಗದಂತೆ ನೋಡಿಕೊಳ್ಳಲೇಬೇಕು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಗಿಲಾಗಿ ಕ್ಯಾಲ್ಸಿಯಂ ಇರುತ್ತದೆ. ಎಳ್ಳು, ನುಗ್ಗೆಸೊಪ್ಪು, ಮುಳ್ಳುಸಹಿತ ತಿನ್ನುವ ಸಣ್ಣ ಮೀನು ಸಹ ಉತ್ತಮ. ಹೆರಿಗೆಯ ನಂತರ ಆರು ತಿಂಗಳವರೆಗೆ ನೀಡಲಾಗುವ ಕ್ಯಾಲ್ಸಿಯಂ ಮಾತ್ರೆಗಳನ್ನು ತಪ್ಪದೆ ಸೇವಿಸಬೇಕು. ಅದಕ್ಕೂ ಕಬ್ಬಿಣಾಂಶದ ಮಾತ್ರೆಗೂ ಎರಡು ಗಂಟೆಗಳ ಅಂತರವಿರಲಿ. ಬೇಳೆಕಾಳು, ಮೊಟ್ಟೆಗಳನ್ನು ಅನುಮಾನದ ಮೇಲೆ ಒಂದೊಂದಾಗಿ ಬಿಡುತ್ತಾ ಹೋದಲ್ಲಿ ತಾಯಿ ನಿಶ್ಶಕ್ತಳಾಗುವಳೇ ಹೊರತು ಮಗುವಿಗೆ ಲಾಭವಿಲ್ಲ. ಅಂಗನವಾಡಿಯಲ್ಲಿ ಆಹಾರ ಪಡೆಯುವವರು ಈ ಪಥ್ಯದ ವಿಷಯವನ್ನು ಕಾರ್ಯಕರ್ತೆಗೆ ಮುಂಚಿತವಾಗಿ ತಿಳಿಸುವುದು.

ಹೆಚ್ಚಿನ ಶಿಶುಗಳಲ್ಲಿ ಎರಡು ವಾರದೊಳಗೆ ಗುಣ ಕಾಣುತ್ತದೆ. ಗುಣ ಕಂಡಿತೆಂದು ಪಥ್ಯವನ್ನು ಹಾಗೆಯೇ ಮುಂದುವರಿಸುವುದು ಅನೇಕರ ರೂಢಿ, ಇದು ಸರಿಯಲ್ಲ. ರಕ್ತ ತಾನಾಗಿಯೇ ನಿಲ್ಲುವುದೂ ಉಂಟು. ಆದುದರಿಂದ ವೈದ್ಯರ ಸಲಹೆಯಂತೆ ತಾಯಿ ಪುನಃ ಹಾಲು ಸೇವಿಸಿ ಒಂದು ವಾರ ಗಮನಿಸಬೇಕು. ಎರಡನ್ನೂ ಬಿಟ್ಟಿದ್ದಲ್ಲಿ ಒಂದಾದ ಮೇಲೊಂದರಂತೆ ಆರಂಭಿಸಬೇಕು. ರಕ್ತ ಮರುಕಳಿಸದಿದ್ದರೆ ಪಥ್ಯ ಅಲ್ಲಿಗೇ ಮುಗಿಯಿತು. ಮರುಕಳಿಸಿದರೆ ಮಾತ್ರ ಮಗುವಿಗೆ ಒಂಬತ್ತರಿಂದ ಹನ್ನೆರಡು ತಿಂಗಳಾಗುವವರೆಗೆ ಮುಂದುವರಿಸಿ, ಆರು ತಿಂಗಳ ನಂತರ ಮಗುವಿಗೆ ನೀಡುವ ಮೇಲಾಹಾರದಲ್ಲಿಯೂ ಆ ಪದಾರ್ಥವನ್ನು ಬಿಡಬೇಕು. ಬಹುತೇಕ ಮಕ್ಕಳಿಗೆ ವರ್ಷ ತುಂಬುವ ವೇಳೆಗೆ ಹಾಲು ಒಗ್ಗುತ್ತದೆ. ಮೊದಲ ಬಾರಿ ಮೈಮೇಲೆ ದದ್ದು, ಮುಖದ ಊತ ಅಥವಾ ತೀವ್ರ ವಾಂತಿ ಕಂಡುಬಂದಿದ್ದ ಮಕ್ಕಳಲ್ಲಿ ಈ ಮರುಪ್ರಯೋಗವನ್ನು ಮನೆಯಲ್ಲಿ ಮಾಡಕೂಡದು.