ಚಿಟ್ಟೆಗಳ ಖಾನೇಷುಮಾರಿ

ಕಚೇರಿಯಲ್ಲಿ ತಖ್ತೆ ತುಂಬಿ, ಕೂಡಿಸಿ, ತಾಳೆ ನೋಡುವುದೇ ನಮ್ಮ ನಿತ್ಯದ ಉದ್ಯೋಗ. ಆದ್ದರಿಂದ, ಎಣಿಕೆಗೆ ಸಿಗದುದನ್ನು ಎಣಿಸಲು ಹೊರಟವರ ಸಂಗತಿಯನ್ನು ಓದಿದಾಗ ವಾಚಕ ಬಂಧುಗಳಿಗೂ ತಿಳಿಸೋಣವೆನಿಸಿತು.

ಉತ್ತರ ಅಮೆರಿಕದಲ್ಲಿ ಮೊನಾರ್ಕ್ ಎಂಬ ಕೇಸರಿ ಬಣ್ಣದ ಚಿಟ್ಟೆಯುಂಟು. ಅದರ ಹುಳು ತಿನ್ನುವುದು ನಮ್ಮ ಎಕ್ಕದ ಬಳಗದ ಗಿಡವನ್ನೇ. ಚಳಿಗಾಲಕ್ಕೆ ಮುನ್ನ ಈ ಚಿಟ್ಟೆಗಳು ಕೆನಡಾ, ಅಮೆರಿಕಗಳ ಪೂರ್ವಭಾಗದಿಂದ ನಾಲ್ಕು ಸಾವಿರ ಕಿಲೋಮೀಟರುಗಳವರೆಗೂ ಹಾರಿ ಮೆಕ್ಸಿಕೋದ ಬೆಟ್ಟಗಳನ್ನು ಸೇರುತ್ತವೆ. ಹೀಗೆ ಹೋಗುವವು ಹಿಂದಿನ ವಸಂತದಲ್ಲಿ ಅಲ್ಲಿಂದ ಹೊರಟವುಗಳ ಮರಿಮಕ್ಕಳು. ದಾರಿ ತೋರಲು ಹಿರಿಯರು ಯಾರೂ ಜೊತೆಗಿಲ್ಲ. ಈ ಬೀಡು ಹೊರಗಿನ ವಿಜ್ಞಾನಿಗಳಿಗೆ ತಿಳಿದದ್ದು 1975ರಲ್ಲಿ.

ಅಲ್ಲಿ ಅವು ಕೊಂಬೆಯೇ ಕಾಣದಂತೆ ಒತ್ತೊತ್ತಾಗಿ ಕೂರುತ್ತವೆ. ಒಂದೊಂದಾಗಿ ಎಣಿಸುವ ಮಾತೆಲ್ಲಿ ಬಂತು? ಅದಕ್ಕೊಂದು ಉಪಾಯ ಮಾಡಿದ್ದಾರೆ. ಡಿಸೆಂಬರಿನಲ್ಲಿ, ನಮ್ಮ ಮೋಜಣಿಯವರು ಹೊಲ ಅಳೆಯುವಂತೆ, ಚಿಟ್ಟೆ ಕೂತ ಮರಗಳ ಸುತ್ತ ಎಲ್ಲೆ ಹಿಡಿದು ನೆಲವನ್ನು ಅಳೆಯುತ್ತಾರೆ. ಆಮೇಲೆ ಹೆಕ್ಟೇರಿಗೆ, ಎಂದರೆ ಸುಮಾರು ಎರಡೂವರೆ ಎಕರೆಗೆ, ಇಷ್ಟು ಚಿಟ್ಟೆ ಎಂದು ಗುಣಿಸುತ್ತಾರೆ.

ತೊಡಕಿರುವುದು ಈ ಗುಣಾಕಾರದಲ್ಲಿ. ಮೊದಲು ಹೆಕ್ಟೇರಿಗೆ ಒಂದು ಕೋಟಿ ಎಂದುಕೊಂಡಿದ್ದರು. 2002ರ ಜನವರಿಯಲ್ಲಿ ಮಳೆ ಸುರಿದು, ಹಿಂದೆಯೇ ಕೊರೆಯುವ ಚಳಿ ಬಂದು, ಚಿಟ್ಟೆಗಳು ರಾಶಿರಾಶಿಯಾಗಿ ಸತ್ತು ಉದುರಿದವು. ಅಲ್ಲಲ್ಲಿ ಸಣ್ಣ ಚೌಕಗಳನ್ನು ಗುರುತಿಸಿ ಸತ್ತವನ್ನು ಎಣಿಸಿದರೆ, ಲೆಕ್ಕ ಹೆಕ್ಟೇರಿಗೆ ಐದು ಕೋಟಿಯವರೆಗೆ ಹೋಯಿತು! ಬದುಕಿದ್ದಾಗ ಸಿಗದ ಲೆಕ್ಕ ಸತ್ತ ಮೇಲೆ ಸಿಕ್ಕಿತು. 2017ರಲ್ಲಿ ಹಲವು ಅಂದಾಜುಗಳನ್ನು ಒಟ್ಟಿಗೆ ತೂಗಿ ನೋಡಿದವರು ಹೇಳಿದ ನಡುವಣ ಅಂಕಿ 2 ಕೋಟಿ 11 ಲಕ್ಷ.

ಇಷ್ಟು ಹೆಚ್ಚುಕಡಿಮೆಯಾಗುವ ಲೆಕ್ಕವನ್ನು ನಂಬುವುದೆಂತು? ನಾವು ಇಂಥ ತಖ್ತೆ ಕಳುಹಿಸಿದ್ದರೆ ಅದು ಮರುದಿನವೇ ಹಿಂದಿರುಗುತ್ತಿತ್ತು! ಆದರೆ ತಲೆಯ ಲೆಕ್ಕ ಅಂದಾಜಾದರೂ ನೆಲದ ಲೆಕ್ಕ ಅಳೆದದ್ದು. ಅದನ್ನು ಸಾಲಾಗಿ ಬರೆದು ನೋಡೋಣ: 1996-97ರ ಚಳಿಗಾಲದಲ್ಲಿ 18 ಹೆಕ್ಟೇರಿಗೂ ಹೆಚ್ಚು, 2013-14ರಲ್ಲಿ 0.67, 2023-24ರಲ್ಲಿ 0.90, 2024-25ರಲ್ಲಿ 1.79. ನಲವತ್ತೈದು ಎಕರೆಯಲ್ಲಿ ಹರಡಿದ್ದ ಸಂಸಾರ ಒಮ್ಮೆ ಎರಡು ಎಕರೆಯೂ ಇಲ್ಲದಷ್ಟಕ್ಕೆ ಇಳಿದು, ಆಮೇಲೆ ತುಸು ಚೇತರಿಸಿಕೊಂಡಿತು. ಅಮೆರಿಕದ ಮೆಕ್ಕೆಜೋಳ, ಸೋಯಾ ಹೊಲಗಳಲ್ಲಿ ಕಳೆನಾಶಕ ಹೊಡೆದು ಆ ಎಕ್ಕದ ಬಳಗದ ಗಿಡವನ್ನು ಅಳಿಸಿದ್ದು ಇದಕ್ಕೊಂದು ಮುಖ್ಯ ಕಾರಣವೆನ್ನುತ್ತಾರೆ.

ಕೋಟಿಯೆಷ್ಟೆಂಬುದರಲ್ಲಿ ವಾದವಿರಲಿ, ಕಾಡಿನಲ್ಲಿ ಬರಿದಾದ ಮರಗಳ ವಿಷಯದಲ್ಲಿ ವಾದವಿಲ್ಲ. ಮುಂದಿನ ಡಿಸೆಂಬರಿನಲ್ಲಿ ಅಳೆಯಲು ಹೋದವರು ಯಾವ ಅಂಕಿಯನ್ನು ಬರೆದುಕೊಂಡು ಇಳಿದು ಬರುವರೋ, ಮನೆಯ ಮಕ್ಕಳೊಡನೆ ನಾವೂ ಕಾದಿದ್ದೇವೆ.